ಹಳೆ ಕುರ್ಚಿ, ಸೋಫಾಕ್ಕೆ ಮನೆಯಲ್ಲೇ ಹೊಸ ಹೊದಿಕೆ: ಪಟ್ಟಿಯಿಂದ ಬಟ್ಟೆಯವರೆಗೆ ಯಾವುದನ್ನು ಆರಿಸಬೇಕು

ಹೊಸ ಹೊದಿಕೆ ಹಾಕಿದ ಕುರ್ಚಿ ಆರೇ ತಿಂಗಳಲ್ಲಿ ಕುಳಿ ಬಿದ್ದರೆ ತಪ್ಪು ಬಟ್ಟೆಯದ್ದಾಗಿರುವುದು ಕಡಿಮೆ. ಬಟ್ಟೆಯ ಬಣ್ಣ ನೋಡಲು ವಾರಗಟ್ಟಲೆ ಕಳೆಯುವವರು ಅದರಡಿಯ ಫೋಮನ್ನು ಐದು ನಿಮಿಷದಲ್ಲಿ ಕೊಂಡುಬಿಡುತ್ತಾರೆ. ಫೋಮಿನಡಿ ಚೌಕಟ್ಟಿಗೆ ಚಾಪೆಯಂತೆ ಹೆಣೆದ ಪಟ್ಟಿಯನ್ನಂತೂ ತಿರುಗಿಸಿಯೂ ನೋಡುವುದಿಲ್ಲ. ಕೂತವರ ಭಾರ ಹೊರುವುದು ಪಟ್ಟಿ, ಆಮೇಲೆ ಫೋಮ್. ಬಟ್ಟೆಗೆ ಭಾರದ ಕೆಲಸವೇ ಇಲ್ಲ. ಅದಕ್ಕೇ ಇಲ್ಲಿ ಆಯ್ಕೆಗಳನ್ನು ಕೆಳಗಿನಿಂದ ಮೇಲಕ್ಕೆ ಇಟ್ಟಿದ್ದೇವೆ.

ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು

ಹೊಸಬರಿಗೆ ಊಟದ ಮೇಜಿನ ಕುರ್ಚಿಯ ಬಿಚ್ಚುವ ಸೀಟಿನಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಕುರ್ಚಿಯನ್ನು ಬೋರಲು ಹಾಕಿದರೆ ಸೀಟಿನಡಿ ನಾಲ್ಕು ಸ್ಕ್ರೂ ಕಾಣುತ್ತವೆ. ಬಿಚ್ಚಿದರೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಫೋಮ್, ಅದರ ಮೇಲೆ ಬಟ್ಟೆ, ಅಷ್ಟೇ. ಹೊಲಿಗೆ ಬೇಡ, ಸ್ಪ್ರಿಂಗ್ ಇಲ್ಲ. ಕೆಟ್ಟರೂ ಬಟ್ಟೆಯನ್ನು ಹಲಗೆಗೆ ಹಿಡಿಸುವ ಪಿನ್ನು (ಸ್ಟೇಪಲ್) ಕಿತ್ತು ಮತ್ತೆ ಹೊಡೆಯಬಹುದು. ಮೊದಲ ಸೀಟಿಗೆ ಎರಡು ಗಂಟೆ ಹಿಡಿದರೆ ನಾಲ್ಕನೆಯದಕ್ಕೆ ಮುಕ್ಕಾಲು ಗಂಟೆ ಸಾಕು.

ಸ್ಟೂಲು, ಕಾಲುಮಣೆಗಳದ್ದು ಹೆಚ್ಚುಕಡಿಮೆ ಇದೇ ಕೆಲಸ. ದುಂಡಗಿನದಾದರೆ ಮಾತ್ರ ಅಂಚಿನ ನೆರಿಗೆ ಸಮನಾಗಿ ಕೂರಿಸಲು ತಾಳ್ಮೆ ಬೇಕು.

ಸೋಫಾದ ಬಿಡಿ ಕುಶನ್‌ಗಳದ್ದು ಬೇರೆಯೇ ಲೋಕ. ಅಲ್ಲಿ ಪಿನ್ನು ಹೊಡೆಯುವುದಿಲ್ಲ, ಹೊಲಿಯಬೇಕು: ಮೇಲೊಂದು ತುಂಡು, ಕೆಳಗೊಂದು, ಸುತ್ತ ಬಟ್ಟೆಯದೇ ಪಟ್ಟಿ, ಹಿಂದೆ ಜಿಪ್. ಹೊಲಿಗೆ ಯಂತ್ರ ಚೆನ್ನಾಗಿ ಬರುವವರಿಗೆ ಇದು ಬಿಚ್ಚುವ ಸೀಟಿಗಿಂತಲೂ ಸುಲಭ. ಬಾರದವರು ಇಲ್ಲಿಂದ ಶುರು ಮಾಡದಿರುವುದು ಒಳ್ಳೆಯದು. ಮನೆಯ ಯಂತ್ರದಲ್ಲಿ 16ನೇ ಅಥವಾ 18ನೇ ನಂಬರಿನ ಸೂಜಿ ಹಾಕಿ, ದಪ್ಪ ಪಾಲಿಯೆಸ್ಟರ್ ದಾರದಲ್ಲಿ ಎರಡು ಪದರ ಬಟ್ಟೆ ಹೊಲಿಯಬಹುದು. ಪೈಪಿಂಗ್ (ಅಂಚಿನ ಹೊಲಿಗೆಯಲ್ಲಿ ಕೂರಿಸುವ, ಬಟ್ಟೆ ಸುತ್ತಿದ ಹುರಿ) ಸೇರಿಸಿ ನಾಲ್ಕಾರು ಪದರವಾದರೆ ಯಂತ್ರ ಮುಗ್ಗರಿಸುತ್ತದೆ.

ಕೈಯಿರುವ, ಒಳಗೆ ಸ್ಪ್ರಿಂಗ್ ಕಟ್ಟಿದ ಹಳೆ ಆರಾಮ ಕುರ್ಚಿಯನ್ನು ಮೊದಲಿಗೇ ಮುಟ್ಟಬೇಡಿ. ಅದರಲ್ಲಿ ಹದಿನೈದು ಇಪ್ಪತ್ತು ತುಂಡು ಬಟ್ಟೆ ಒಂದರ ಮೇಲೊಂದು ನಿರ್ದಿಷ್ಟ ಕ್ರಮದಲ್ಲಿ ಕೂತಿರುತ್ತವೆ. ಬಿಚ್ಚುವುದಕ್ಕೇ ಒಂದು ದಿನ ಬೇಕು. ಗುಂಡಿ ಒತ್ತಿ ಹೊಲಿದ ಬೆನ್ನಿದ್ದರಂತೂ ಅಳತೆ ತಪ್ಪಿದ ಬಟ್ಟೆ ದಂಡವೇ.

ಮಾಡುವ ಮುನ್ನ ಚೌಕಟ್ಟನ್ನು ನೋಡಿ

ಎದುರುಬದುರು ಮೂಲೆ ಹಿಡಿದು ಅಲುಗಿಸಿ. ಕೀಲು ಅಲ್ಲಾಡಿದರೆ ಬಿಡಿಸಿ, ಹಳೆ ಅಂಟು ಕೆರೆದು, ಮರದ ಅಂಟು ಹಾಕಿ 24 ಗಂಟೆ ಬಿಗಿದಿಡಿ. ಹಳೆ ಅಂಟಿನ ಮೇಲೆಯೇ ಹೊಸದು ಸುರಿದರೆ ಅದು ಮರಕ್ಕೆ ಹಿಡಿಯುವುದಿಲ್ಲ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಹೊಸದಾಗಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ ಎಂದರ್ಥ. ಅದಕ್ಕೆ ಮದ್ದು ಮಾಡದೆ ಬಟ್ಟೆ ಹಾಕುವಂತಿಲ್ಲ. ಹೊಲಿಗೆಯ ಸಂದಿಯಲ್ಲಿ ಕಪ್ಪು ಚುಕ್ಕೆಗಳಿದ್ದರೆ ತಿಗಣೆಯ ಅನುಮಾನ. ಅಂಥದ್ದನ್ನು ಮನೆಯೊಳಗೆ ತರದಿರುವುದೇ ಲೇಸು. ಚೌಕಟ್ಟು ಮರದ ಪುಡಿ ಒತ್ತಿ ಮಾಡಿದ ಹಲಗೆಯದ್ದಾದರೆ ಹಳೆ ಪಿನ್ನು ಕೀಳುವಾಗಲೇ ಅಂಚು ಉದುರುತ್ತದೆ, ಹೊಸ ಪಿನ್ನು ಹಿಡಿಯುವುದಿಲ್ಲ. ಅದರ ಮೇಲೆ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ.

ಹಳೆಯದರ ಮೇಲೆಯೇ ಹಾಕುವುದೋ, ಕಿತ್ತು ಹಾಕುವುದೋ

ಮೇಲೆಯೇ ಹಾಕಿದರೆ ಅರ್ಧ ಕೆಲಸ ಉಳಿಯುತ್ತದೆ, ನಿಜ. ಫೋಮ್ ಇನ್ನೂ ಪುಟಿಯುತ್ತಿದ್ದು, ಬಟ್ಟೆ ಮಾಸಿದ್ದಷ್ಟೇ ಆದರೆ, ಒಂದೇ ಪದರ ಇದ್ದರೆ ಹಾಗೆ ಮಾಡಬಹುದು. ಆದರೆ ಹಳೆ ರೆಕ್ಸಿನ್ ಮೇಲೆ ಹೊಸ ಬಟ್ಟೆ ಜಾರುತ್ತದೆ, ಹಳೆ ವಾಸನೆ ಅಲ್ಲೇ ಉಳಿಯುತ್ತದೆ. ಚೌಕಟ್ಟಿನೊಳಗೆ ಇಳಿದು ಕೂರುವ ಸೀಟಾದರೆ ಇನ್ನೊಂದು ಕಾಟ: ಸೀಟಿಗೂ ಚೌಕಟ್ಟಿಗೂ ನಡುವೆ ಸುತ್ತ 2–3 ಮಿ.ಮೀ. ಜಾಗ ಮಾತ್ರ ಇರುತ್ತದೆ. ಎರಡು ಪದರ ಬಟ್ಟೆ ಅಲ್ಲಿ ಹಿಡಿಸುವುದಿಲ್ಲ. ಸುತ್ತಿಗೆಯಿಂದ ಬಡಿದು ಕೂರಿಸಲು ಹೋಗಿ ಚೌಕಟ್ಟಿನ ಕೀಲು ಬಿಟ್ಟುಕೊಂಡ ಕುರ್ಚಿಗಳಿಗೆ ಲೆಕ್ಕವಿಲ್ಲ.

ನಮ್ಮ ಸಲಹೆ, ಕಿತ್ತು ಹಾಕಿ. ಪಿನ್ನಿನ ಒಂದು ತುದಿಯಡಿ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಮೀಟಿ, ಎದ್ದ ತುದಿಯನ್ನು ಇಕ್ಕಳದಲ್ಲಿ ಹಿಡಿದು ಉರುಳಿಸುತ್ತಾ ಎಳೆಯಿರಿ. ನೇರ ಎಳೆದರೆ ತುಂಡಾಗಿ ಮೊನೆ ಅಲ್ಲೇ ನಿಲ್ಲುತ್ತದೆ. ನಿಂತ ಮೊನೆಯನ್ನು ಕೀಳಲು ಹೆಣಗದೆ ಒಳಕ್ಕೆ ಬಡಿದುಬಿಡಿ. ಕನ್ನಡಕ, ಮಾಸ್ಕ್ ಬೇಕೇ ಬೇಕು: ಪಿನ್ನು ಹಾರುತ್ತದೆ, ಹಳೆ ಫೋಮ್ ಪುಡಿಯಾಗಿ ಮೂಗಿಗೆ ಸೇರುತ್ತದೆ. ಹಳೆ ಬಟ್ಟೆಯನ್ನು ಹರಿಯದೆ ತೆಗೆದು, ಹಿಂದೆ ಮುಂದೆ ಗುರುತು ಮಾಡಿ ಇಟ್ಟುಕೊಳ್ಳಿ. ಅದೇ ನಿಮ್ಮ ಅಳತೆಯ ಮಾದರಿ. ಹಳೆಯದು ಹಿಗ್ಗಿರುತ್ತದೆ, ಅಂಚು ಸಾಲದೆ ಇರುತ್ತದೆ. ಹಾಗಾಗಿ ಸುತ್ತ ಒಂದು ಇಂಚು ಹೆಚ್ಚಿಟ್ಟು ಕತ್ತರಿಸಬೇಕು.

ಕೆಳಗಿನ ಆಧಾರ: ಸೆಣಬಿನ ಪಟ್ಟಿ, ರಬ್ಬರು ಪಟ್ಟಿ, ಪ್ಲೈವುಡ್

ಪ್ಲೈವುಡ್ ಹಲಗೆ ಇದ್ದರೆ ಅದು ಬಾಗಿದೆಯೇ, ಪದರ ಬಿಟ್ಟಿದೆಯೇ ಎಂದು ನೋಡಿದರೆ ಸಾಕು. ಹೊಸದು ಹಾಕುವುದಾದರೆ 12 ಮಿ.ಮೀ. ದಪ್ಪದ್ದು ಹಾಕಿ. 6 ಮಿ.ಮೀ.ದು ನಡುವೆ ಬಾಗುತ್ತದೆ, ಪಿನ್ನೂ ಇನ್ನೊಂದು ಬದಿಗೆ ಇಣುಕುತ್ತದೆ.

ನಡುವೆ ಖಾಲಿಯಿರುವ ಚೌಕಟ್ಟಿಗೆ ಪಟ್ಟಿ ಹೆಣೆಯಬೇಕು. ಸೆಣಬಿನ ಪಟ್ಟಿ ಹಿಗ್ಗುವುದಿಲ್ಲ. ಸ್ಪ್ರಿಂಗಿನಡಿಗೆ, ಹಳೆಯ ಕಾಲದ ಕುರ್ಚಿಗೆ ಅದೇ ಸರಿ. ಆದರೆ ಅದನ್ನು ತಂತಿಯಂತೆ ಬಿಗಿಯಬೇಕಾದರೆ ಪಟ್ಟಿ ಎಳೆಯುವ ಮರದ ಸಾಧನ ಬೇಕು. ಕೈಯಲ್ಲಿ ಎಳೆದದ್ದು ತಿಂಗಳಲ್ಲಿ ಜೋಲುತ್ತದೆ. ಎಲಾಸ್ಟಿಕ್ ಅಥವಾ ರಬ್ಬರು ಪಟ್ಟಿ ಕೈಯಲ್ಲೇ ಎಳೆಯಬಹುದಾದ್ದರಿಂದ ಹೊಸಬರು ಅದನ್ನೇ ಆರಿಸಿಕೊಳ್ಳಲಿ. ಎಷ್ಟು ಎಳೆಯಬೇಕೆಂಬುದಕ್ಕೆ ಅಂದಾಜು ಬೇಡ: ಚೌಕಟ್ಟಿನ ಅಗಲ 50 ಸೆಂ.ಮೀ. ಇದ್ದರೆ ಒಂದು ತುದಿ ಹೊಡೆದು, ಎಳೆಯದ ಪಟ್ಟಿಯ ಮೇಲೆ 45 ಸೆಂ.ಮೀ.ಗೆ ಗೆರೆ ಹಾಕಿ, ಆ ಗೆರೆ ಎದುರಿನ ಅಂಚಿಗೆ ಬರುವವರೆಗೆ ಎಳೆದು ಪಿನ್ನು ಹೊಡೆಯಿರಿ. ಬೆನ್ನಿಗೆ ಇದರ ಅರ್ಧದಷ್ಟು ಎಳೆದರೆ ಸಾಕು.

ಎರಡು ಬಗೆಗೂ ನಿಯಮ ಒಂದೇ. ಪಟ್ಟಿಗಳ ನಡುವಿನ ಸಂದಿ ಪಟ್ಟಿಯ ಅಗಲಕ್ಕಿಂತ ಹೆಚ್ಚಿರಬಾರದು. ಅಡ್ಡ ಪಟ್ಟಿಗಳನ್ನು ಉದ್ದ ಪಟ್ಟಿಗಳ ಮೇಲೆ ಕೆಳಗೆ ಚಾಪೆಯಂತೆ ಹೆಣೆಯಬೇಕು. ತುದಿಗೆ ಐದು ಪಿನ್ನು ಹೊಡೆದು, ಒಂದು ಇಂಚು ಮಡಚಿ, ಮಡಿಕೆಯ ಮೇಲೆ ಇನ್ನೊಂದು ನಾಲ್ಕು. ಅವು ಒಂದೇ ಗೆರೆಯಲ್ಲಿ ಬೇಡ, ಹಿಂದೆ ಮುಂದೆ ಇರಲಿ. ಒಂದೇ ಗೆರೆಯಲ್ಲಿ ಸಾಲಾಗಿ ಹೊಡೆದರೆ ಮರ ಅಲ್ಲೇ ಸೀಳುತ್ತದೆ.

ಫೋಮ್: ಗಟ್ಟಿ ಬೇರೆ, ಸಾಂದ್ರತೆ ಬೇರೆ

ಅಂಗಡಿಯಲ್ಲಿ ಎಲ್ಲರೂ ಮಾಡುವುದು ಒಂದೇ, ಬೆರಳಿನಿಂದ ಒತ್ತಿ ನೋಡುವುದು. ಒತ್ತಿದಾಗ ತಿಳಿಯುವುದು ಗಟ್ಟಿತನ ಮಾತ್ರ. ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಹೇಳುವುದು ಸಾಂದ್ರತೆ, ಅಂದರೆ ಒಂದು ಘನ ಮೀಟರಿನ ತೂಕ ಎಷ್ಟು ಕಿಲೋ ಎಂಬುದು. ಮೆತ್ತಗಿದ್ದೂ ಹೆಚ್ಚು ಸಾಂದ್ರತೆಯ ಫೋಮ್ ಇರುತ್ತದೆ, ಗಟ್ಟಿಯಾಗಿದ್ದೂ ಹಗುರವಾದದ್ದು ಇರುತ್ತದೆ. ಎರಡನೆಯದು ಕೈಗೆ ಚೆನ್ನಾಗಿ ಸಿಕ್ಕಿ, ವರ್ಷದೊಳಗೆ ಕುಸಿಯುತ್ತದೆ.

ದಿನಾ ಕೂರುವ ಸೀಟಿಗೆ 32ರಿಂದ 40 ಸಾಂದ್ರತೆ ಇರಲಿ. ಬೆನ್ನಿಗೆ, ಕೈಗೆ 23ರಿಂದ 28 ನಡೆಯುತ್ತದೆ. 18ರ ಆಸುಪಾಸಿನದು ಪ್ಯಾಕಿಂಗಿಗೆ, ತಲೆದಿಂಬಿನ ಅಲಂಕಾರಕ್ಕೆ.

ಹೇಳಿದ ಸಾಂದ್ರತೆ ನಿಜವೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. 50 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ ತುಂಡು 32 ಸಾಂದ್ರತೆಯದಾದರೆ 400 ಗ್ರಾಂ ತೂಗಬೇಕು, 40ರದಾದರೆ 500 ಗ್ರಾಂ. ಅದೇ ತುಂಡು 225 ಗ್ರಾಂ ತೂಗಿದರೆ ನಿಮ್ಮ ಕೈಗೆ ಬಂದಿರುವುದು 18ರದು, ಚೀಟಿಯಲ್ಲಿ ಏನೇ ಬರೆದಿರಲಿ.

ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ, ಬಣ್ಣಬಣ್ಣದ ಚುಕ್ಕಿಯ ಫೋಮ್ ತುಂಬ ಗಟ್ಟಿ, ತೂಕವೂ ಹೆಚ್ಚು. ಒಂದು ಇಂಚಿನದನ್ನು ಅಡಿಗೆ ಹಾಕಿ ಮೇಲೊಂದು ಇಂಚು ಮೆತ್ತಗಿನದು ಅಂಟಿಸಿದರೆ ಪ್ಲೈವುಡ್ ಸೀಟಿಗೆ ಒಳ್ಳೆಯ ಜೋಡಿ. ಅದೊಂದನ್ನೇ ಹಾಕಿದರೆ ಹಲಗೆಯ ಮೇಲೆ ಕೂತ ಹಾಗೆಯೇ. ತೆಂಗಿನ ನಾರಿಗೆ ರಬ್ಬರು ಹಾಯಿಸಿದ ಹಾಳೆಯಲ್ಲಿ ಗಾಳಿಯಾಡುತ್ತದೆ, ಬಿಸಿ ಏರುವುದಿಲ್ಲ. ಆದರೆ ವರ್ಷ ಕಳೆದಂತೆ ನಾರು ಪುಡಿಯಾಗಿ ಉದುರುತ್ತದೆ. ಲೇಟೆಕ್ಸ್ ಫೋಮ್ ಬಾಳಿಕೆಯಲ್ಲಿ ಮುಂದು, ತೂಕದಲ್ಲೂ ಬೆಲೆಯಲ್ಲೂ ಮುಂದು. ಬಿಸಿಲು ತಾಗಿದರೆ ಮಾತ್ರ ಬಿರುಕು ಬಿಡುತ್ತದೆ.

ದಪ್ಪ ಎಷ್ಟು? ಊಟದ ಕುರ್ಚಿಗೆ 2 ಇಂಚು, ಸೋಫಾ ಕುಶನ್ನಿಗೆ 4ರಿಂದ 5 ಇಂಚು. ಊಟದ ಕುರ್ಚಿಗೆ 3 ಇಂಚು ಹಾಕಿ ಮೆತ್ತಗೆ ಮಾಡುವ ಆಸೆ ಬೇಡ: ಸೀಟು ಎತ್ತರವಾಗಿ ಮೊಣಕಾಲು ಮೇಜಿಗೆ ತಾಗುತ್ತದೆ.

ಫೋಮನ್ನು ಹಲಗೆಗಿಂತ ಸುತ್ತ ಕಾಲು ಇಂಚು ದೊಡ್ಡದಾಗಿ ಕತ್ತರಿಸಿ. ಸರಿಸಮ ಕತ್ತರಿಸಿದರೆ ಬಟ್ಟೆ ಎಳೆದಾಗ ಅಂಚು ಒಳಕ್ಕೆ ಜಗ್ಗಿ ಹಲಗೆಯ ಮೂಲೆ ಬಟ್ಟೆಗೆ ಉಜ್ಜುತ್ತದೆ, ಬಟ್ಟೆ ಮೊದಲು ಸವೆಯುವುದು ಅಲ್ಲೇ. ಕತ್ತರಿಸಲು ಬ್ರೆಡ್ ಕುಯ್ಯುವ ಹಲ್ಲಿನ ಚಾಕು ಸಾಕು. ಒತ್ತದೆ ಗರಗಸದಂತೆ ಹಗುರವಾಗಿ ಆಡಿಸಿ. ಫೋಮಿನ ಮೇಲೆ 150–200 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಪಾಲಿಯೆಸ್ಟರ್ ಹತ್ತಿಯ, ಅಂದರೆ ಹತ್ತಿಯಂಥ ಪಾಲಿಯೆಸ್ಟರ್ ಹಾಸಿನ, ಒಂದು ಪದರ ಹಾಸುವುದನ್ನು ಬಿಡಬೇಡಿ. ಫೋಮಿನ ಚೂಪು ಅಂಚನ್ನು ಅದು ದುಂಡಗೆ ಮಾಡುತ್ತದೆ, ಬಟ್ಟೆ ಫೋಮಿಗೆ ಕಚ್ಚಿಕೊಳ್ಳದೆ ಸರಾಗವಾಗಿ ಎಳೆಯಲು ಬರುತ್ತದೆ. ಕೊಂಡು ತಂದ ಕುರ್ಚಿಗೂ ಮನೆಯಲ್ಲಿ ಮಾಡಿದ್ದಕ್ಕೂ ಕಣ್ಣಿಗೆ ಬೀಳುವ ವ್ಯತ್ಯಾಸ ಹೆಚ್ಚಾಗಿ ಈ ಪದರದ್ದೇ. ಅಂಟು ಸ್ಪ್ರೇ ಬಳಸುವುದಾದರೆ ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಇರಬಾರದು. ಫೋಮ್‌ಗೂ ಆ ಅಂಟಿಗೂ ಕಿಡಿಯೊಂದು ಸಾಕು.

ಬಟ್ಟೆ

ಪರದೆಯ ಬಟ್ಟೆ, ಅಂಗಿಯ ಹತ್ತಿ ಬಟ್ಟೆ ಎಷ್ಟೇ ಚೆಂದವಿದ್ದರೂ ಕೂರುವ ಜಾಗಕ್ಕಲ್ಲ. ಪೀಠೋಪಕರಣದ ಬಟ್ಟೆಯ ಚೀಟಿಯಲ್ಲಿ ಉಜ್ಜುವ ಪರೀಕ್ಷೆಯ ಅಂಕಿ, ಅಂದರೆ ಸವೆಯುವ ಮುನ್ನ ಬಟ್ಟೆ ಎಷ್ಟು ಉಜ್ಜು ತಾಳುತ್ತದೆ ಎಂಬುದು, ಇರುತ್ತದೆ. ಈ ಪರೀಕ್ಷೆಯಲ್ಲಿ ಎರಡು ಬಗೆ. ಮಾರ್ಟಿಂಡೇಲ್ ಎಂದಿದ್ದರೆ ಮನೆಯ ಕುರ್ಚಿಗೆ 15,000ದಿಂದ 25,000, ದಿನವೆಲ್ಲ ಬಳಸುವ ಸೋಫಾಕ್ಕೆ 25,000ಕ್ಕಿಂತ ಮೇಲೆ. ವೈಜೆನ್‌ಬೀಕ್ ಎಂದಿದ್ದರೆ 15,000 ಸಾಕು. ಒಂದರಲ್ಲಿ ಉಜ್ಜುವ ಬಗೆ ಬೇರೆ, ಇನ್ನೊಂದರಲ್ಲಿ ಬೇರೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಲೆಕ್ಕ ಹಾಕಿ ಇಳಿಸಲು ಬರುವುದಿಲ್ಲ. ಲಕ್ಷ ದಾಟಿದ ಅಂಕಿ ನೋಡಿ ಮರುಳಾಗಬೇಡಿ. ಬಟ್ಟೆ ಬಣ್ಣ ಬಿಡುತ್ತದೆಯೇ, ಗಂಟುಗಂಟು ಏಳುತ್ತದೆಯೇ, ಹೊಲಿಗೆಯಲ್ಲಿ ಎಳೆ ಜಾರುತ್ತದೆಯೇ ಎಂಬುದನ್ನು ಆ ಪರೀಕ್ಷೆ ಹೇಳುವುದೇ ಇಲ್ಲ.

ಎಳೆ ಜಾರುವುದನ್ನು ನೀವೇ ನೋಡಬಹುದು. ಬಟ್ಟೆಯನ್ನು ಎರಡು ಹೆಬ್ಬೆರಳ ನಡುವೆ ಬಿಗಿ ಹಿಡಿದು ಉಗುರಿನಿಂದ ಅಡ್ಡಕ್ಕೆ ನೂಕಿ. ಎಳೆಗಳು ಸರಿದು ಕಿಟಕಿಯಂತೆ ತೆರೆದುಕೊಂಡರೆ ಪಿನ್ನು ಹೊಡೆದ ಕಡೆಯಲ್ಲೂ ಹಾಗೆಯೇ ತೆರೆದುಕೊಳ್ಳುತ್ತದೆ.

ದಪ್ಪ ಕ್ಯಾನ್ವಾಸು ಹೊಸಬರಿಗೆ ಒಳ್ಳೆಯ ಸಂಗಾತಿ, ಎಳೆದ ಕಡೆ ನಿಲ್ಲುತ್ತದೆ, ತಪ್ಪು ಕ್ಷಮಿಸುತ್ತದೆ. ಜಕಾರ್ಡ್ (ನೇಯುವಾಗಲೇ ವಿನ್ಯಾಸ ಮೂಡಿಸಿದ ಬಟ್ಟೆ), ಪಾಲಿಯೆಸ್ಟರ್ ಮಿಶ್ರಣದ ನೇಯ್ಗೆಗಳೂ ಹಾಗೆಯೇ. ಸಣ್ಣ ಚುಕ್ಕಿಯ ವಿನ್ಯಾಸವಿದ್ದರೆ ಇನ್ನೂ ಒಳ್ಳೆಯದು, ಸೊಟ್ಟ ಕಾಣುವುದಿಲ್ಲ. ಪಟ್ಟೆ, ಚೌಕಳಿ ಬೇಡ. ಅರ್ಧ ಸೆಂ.ಮೀ. ಓರೆಯಾದರೂ ಕೋಣೆಯ ಆಚೆಯಿಂದ ಕಾಣುತ್ತದೆ. ವೆಲ್ವೆಟ್ಟಿಗೆ ಮುಖವಿದೆ: ಕೈಯಾಡಿಸಿದಾಗ ನಯವಾಗಿರುವ ದಿಕ್ಕು ಸೀಟಿನ ಹಿಂದಿನಿಂದ ಮುಂದಕ್ಕೆ ಬರಬೇಕು. ನಾಲ್ಕು ಕುರ್ಚಿಗಳಲ್ಲಿ ಒಂದರ ದಿಕ್ಕು ತಪ್ಪಿದರೆ ಅದು ಬೇರೆ ಬಣ್ಣದ ಬಟ್ಟೆಯಂತೆ ಕಾಣುತ್ತದೆ. ಶೆನಿಲ್ (ನವಿರು ಜೂಲಿನ ಎಳೆಯಿಂದ ನೇಯ್ದ ಬಟ್ಟೆ) ಮೃದು, ಆದರೆ ಕತ್ತರಿಸಿದ ಅಂಚಿನಿಂದ ಉದುರುತ್ತಲೇ ಇರುತ್ತದೆ. ಬೆಕ್ಕಿರುವ ಮನೆಗೆ ಬೇಡವೇ ಬೇಡ.

ರೆಕ್ಸಿನ್ ಬಗ್ಗೆ ಎರಡು ಮಾತು. ಪಿವಿಸಿಯದ್ದರ ಮೇಲಿನ ಕೊಳೆ ಒರೆಸಿದರೆ ಹೋಗುತ್ತದೆ, ಮಕ್ಕಳಿರುವ ಕಡೆ ಅನುಕೂಲ, ಸೆಖೆಗೆ ಮೈಗೆ ಅಂಟುತ್ತದೆ. ಪಿಯು (ಪಾಲಿಯುರೆಥೇನ್) ಲೇಪನದ್ದು ಮೃದು, ನೋಡಲು ಚರ್ಮದಂತೆ. ತೇವ ಹೆಚ್ಚಿರುವ ಕಡೆ ಕೆಲವೇ ವರ್ಷಗಳಲ್ಲಿ ಲೇಪನ ಹಪ್ಪಳದಂತೆ ಎದ್ದು ಉದುರುತ್ತದೆ. ಒಮ್ಮೆ ಉದುರತೊಡಗಿದರೆ ರಿಪೇರಿ ಇಲ್ಲ. ಎರಡರಲ್ಲೂ ಪಿನ್ನಿನ, ಸೂಜಿಯ ತೂತು ಮುಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಮೊದಲ ಪ್ರಯತ್ನಕ್ಕೆ ರೆಕ್ಸಿನ್ ಬೇಡ.

ಎಷ್ಟು ಬಟ್ಟೆ ಬೇಕು? ಸೀಟು 18 ಇಂಚು, ಫೋಮ್ 2 ಇಂಚು ಎಂದಿಟ್ಟುಕೊಳ್ಳಿ. 18ಕ್ಕೆ ಎರಡು ಬದಿಯ ಫೋಮಿನ 4 ಸೇರಿಸಿ, ಅಡಿಗೆ ಮಡಚಲು ಬದಿಗೆ 3ರಂತೆ 6 ಸೇರಿಸಿ, 28 ಇಂಚಾಯಿತು. ಪೀಠೋಪಕರಣದ ಬಟ್ಟೆಯ ಅಗಲ ಸಾಮಾನ್ಯವಾಗಿ 54 ಇಂಚು. ಎರಡು ತುಂಡು ಅಕ್ಕಪಕ್ಕ ಇಟ್ಟರೆ 56, ಎರಡೇ ಇಂಚಿಗೆ ತಪ್ಪಿತು. ಮಡಿಕೆಯನ್ನು ಎರಡೂವರೆ ಇಂಚಿಗೆ ಇಳಿಸಿದರೆ ತುಂಡು 27 ಆಗಿ ಎರಡೂ ಸರಿಯಾಗಿ ಕೂರುತ್ತವೆ, ಆಗ ನಾಲ್ಕು ಸೀಟಿಗೆ ಒಂದೂವರೆ ಮೀಟರು ಸಾಕು. ಅಂಗಡಿಗೆ ಹೋಗುವ ಮುಂಚೆ ಈ ಲೆಕ್ಕ ಹಾಕದಿದ್ದರೆ ಮೂರು ಮೀಟರು ಕೊಂಡುತರುತ್ತೀರಿ. ದೊಡ್ಡ ಹೂವಿನ ವಿನ್ಯಾಸವಾದರೆ ಈ ಉಳಿತಾಯ ಇಲ್ಲ; ಪ್ರತಿ ಸೀಟಿನ ನಡುವೆ ಹೂವು ಬರಬೇಕಾದ್ದರಿಂದ ನಡುವೆ ಬಟ್ಟೆ ವ್ಯರ್ಥವಾಗುತ್ತದೆ.

ಪಿನ್ನು ಹೊಡೆಯುವ ಉಪಕರಣ

ಕಚೇರಿಯ ಸ್ಟೇಪ್ಲರು ಇದಕ್ಕಲ್ಲ. ಕೈಯಿಂದ ಒತ್ತುವ ಸ್ಟೇಪಲ್ ಗನ್ ನಾಲ್ಕಾರು ಸೀಟಿಗೆ, ಮೆದು ಮರಕ್ಕೆ ಸಾಕು. ಗಟ್ಟಿ ಮರದಲ್ಲಿ ಪಿನ್ನು ಅರ್ಧಕ್ಕೇ ನಿಲ್ಲುತ್ತದೆ, ಪ್ರತಿಯೊಂದನ್ನೂ ಸುತ್ತಿಗೆಯಿಂದ ಬಡಿಯಬೇಕು, ಮೂರನೆಯ ಸೀಟಿಗೆ ಅಂಗೈ ಬೇಡವೆನ್ನುತ್ತದೆ. ಕರೆಂಟಿನದು ಕೈಗೆ ಸುಖ. ಆದರೆ ಅಗ್ಗದ್ದಕ್ಕೆ ತೇಗ, ಬೀಟೆಯಂಥ ಮರ ಬಗ್ಗುವುದಿಲ್ಲ. ಗಾಳಿಯದು, ಅಂದರೆ ಕಂಪ್ರೆಸರಿಗೆ ಜೋಡಿಸುವ ಗನ್ನು, ವೃತ್ತಿಯವರ ಆಯ್ಕೆ: ತೆಳು ತಂತಿಯ ಸಣ್ಣ ಪಿನ್ನು ಗಟ್ಟಿ ಮರಕ್ಕೂ ಪೂರ್ತಿ ಇಳಿಯುತ್ತದೆ. ಇಡೀ ಸೋಫಾ ಮಾಡುವ ಯೋಚನೆಯಿದ್ದರೆ ಮಾತ್ರ ಅದಕ್ಕೆ ಕೈಹಾಕಿ.

ಪಿನ್ನಿನ ಉದ್ದ ಬಟ್ಟೆಗೆ 8ರಿಂದ 10 ಮಿ.ಮೀ., ಪಟ್ಟಿಗೆ 12 ಮಿ.ಮೀ. 12 ಮಿ.ಮೀ. ಪ್ಲೈವುಡ್ಡಿಗೆ 14ರ ಪಿನ್ನು ಹೊಡೆದರೆ ಅದು ಮೇಲಕ್ಕೆ ಬಂದು ಫೋಮಿನಲ್ಲಿ ಕಾದು ಕೂರುತ್ತದೆ.

ಎಳೆದು ಹೊಡೆಯುವ ಕ್ರಮ

ಹಲಗೆಯ ನಾಲ್ಕೂ ಬದಿಯ ನಡು ಮತ್ತು ಬಟ್ಟೆಯ ನಾಲ್ಕೂ ಬದಿಯ ನಡು ಗುರುತು ಮಾಡಿ. ಬಟ್ಟೆಯನ್ನು ಮಗುಚಿ ಹಾಸಿ, ಮೇಲೆ ಪಾಲಿಯೆಸ್ಟರ್ ಪದರ, ಫೋಮ್, ಹಲಗೆ ಇಡಿ. ಮುಂದಿನ ನಡುವಿಗೆ ಒಂದು ಪಿನ್ನು. ಅಂಗೈಯಿಂದ ಹಲಗೆಯನ್ನು ಕೆಳಕ್ಕೆ ಅದುಮಿ ಹಿಂದಿನ ನಡುವಿಗೆ ಒಂದು. ಆಮೇಲೆ ಎಡ, ಬಲ. ಈಗ ತಿರುಗಿಸಿ ನೋಡಿ: ಹಾಸಿನ ಎಳೆ ಹಿಂದಿನಿಂದ ಮುಂದಕ್ಕೆ, ಹೊಕ್ಕಿನ ಎಳೆ ಎಡದಿಂದ ಬಲಕ್ಕೆ ನೇರವಾಗಿ ಓಡಬೇಕು. ಓಡದಿದ್ದರೆ ಈಗಲೇ ಕೀಳಿ. ನಾಲ್ಕು ಪಿನ್ನು ಕೀಳಲು ನಿಮಿಷ ಸಾಕು, ನಲವತ್ತು ಕೀಳಲು ಮನಸ್ಸೇ ಬರುವುದಿಲ್ಲ.

ಅಲ್ಲಿಂದ ನಡುವಿನಿಂದ ಮೂಲೆಯತ್ತ, ಒಂದು ಬದಿಯಲ್ಲಿ ಎರಡು ಹೊಡೆದರೆ ಎದುರಿನ ಬದಿಯಲ್ಲಿ ಎರಡು. ಪಿನ್ನಿನಿಂದ ಪಿನ್ನಿಗೆ ಒಂದು ಬೆರಳಗಲ. ಮೂಲೆಗೆ 2 ಇಂಚು ಇರುವಾಗ ನಿಲ್ಲಿಸಿ. ಬಟ್ಟೆಯನ್ನು ಬೆರಳ ತುದಿಯಲ್ಲಿ ಜಗ್ಗಬಾರದು. ಅಂಗೈಯಿಂದ ಮೇಲ್ಮೈಯನ್ನು ಅಂಚಿನತ್ತ ಸವರಿಕೊಂಡು ಬಂದು, ಸಡಿಲ ಹೋದಷ್ಟಕ್ಕೆ ಹೊಡೆಯಬೇಕು. ಬೆರಳಲ್ಲಿ ಜಗ್ಗಿದರೆ ಪ್ರತಿ ಪಿನ್ನಿನ ಎದುರು ಒಂದು ಹಳ್ಳ, ನಡುವೆ ಉಬ್ಬು ಬಂದು ಅಂಚು ಅಲೆಯಾಗುತ್ತದೆ. ಅಲೆ ಬಂದಿದ್ದರೆ ಆ ಜಾಗದ ಪಿನ್ನನ್ನು ಕಿತ್ತು ಒಂದಿಷ್ಟು ಸಡಿಲ ಬಿಟ್ಟು ಹೊಡೆಯಿರಿ.

ಚೌಕ ಮೂಲೆಗೆ ಮೊದಲು ಬಟ್ಟೆಯ ತುದಿಯನ್ನು ಓರೆಯಾಗಿ ಹಲಗೆಯ ನಡುವಿನತ್ತ ಎಳೆದು ಒಂದು ಪಿನ್ನು ಹೊಡೆಯಿರಿ. ಎರಡೂ ಪಕ್ಕದಲ್ಲಿ ಬಟ್ಟೆ ಕಿವಿಯಂತೆ ಏಳುತ್ತದೆ. ಮುಂದಿನ ಬದಿಯ ಕಿವಿಯನ್ನು ಒಳಕ್ಕೆ ಮಡಚಿ, ಪಕ್ಕದ್ದನ್ನು ಅದರ ಮೇಲೆ ತಂದರೆ ಮಡಿಕೆಯ ಗೆರೆ ಮುಂದೆ ಕಾಣುತ್ತದೆ. ತಿರುವುಮುರುವು ಮಾಡಿದರೆ ಗೆರೆ ಪಕ್ಕಕ್ಕೆ ಹೋಗುತ್ತದೆ. ಎರಡನೆಯದೇ ಸರಿ. ಒಳಗೆ ಸೇರಿ ಗಂಟಾಗುವ ಬಟ್ಟೆಯನ್ನು ಕತ್ತರಿಸಿ ತೆಗೆಯಿರಿ, ಆದರೆ ಅಂಚಿನಿಂದ ಅರ್ಧ ಇಂಚು ದೂರದಲ್ಲೇ ಕತ್ತರಿ ನಿಲ್ಲಲಿ. ದುಂಡು ಮೂಲೆಗೆ ಒಂದೇ ದೊಡ್ಡ ಮಡಿಕೆಯ ಬದಲು ನಾಲ್ಕೈದು ಸಣ್ಣ ನೆರಿಗೆ, ಎಲ್ಲವೂ ಅಡಿಯಲ್ಲೇ ಮುಗಿಯುವಂತೆ.

ಕೈ ಪಳಗಿಸಲು ಮೊದಲ ಸೀಟಿಗೆ ತೆಳು ಕೋರಾ ಬಟ್ಟೆ ಹಾಕಿ ನೋಡಿ. ಚೆನ್ನಾಗಿ ಕೂತರೆ ಅದನ್ನು ಹಾಗೇ ಬಿಟ್ಟು ಮೇಲೆ ಒಳ್ಳೆಯ ಬಟ್ಟೆ ಹಾಕಬಹುದು, ಫೋಮನ್ನು ಅದೇ ಬಿಗಿ ಹಿಡಿದಿರುವುದರಿಂದ ಮೇಲಿನದನ್ನು ಎಳೆಯುವ ಕಷ್ಟ ಅರ್ಧವಾಗುತ್ತದೆ. ಆದರೆ ಚೌಕಟ್ಟಿನೊಳಗೆ ಇಳಿಯುವ ಸೀಟಿಗೆ ಮೊದಲೇ ಹೇಳಿದ ಆ 2–3 ಮಿ.ಮೀ. ಸಂದಿಯನ್ನು ಅಳೆದುಕೊಂಡು ನಿರ್ಧರಿಸಿ.

ಹೆಚ್ಚಿನ ಬಟ್ಟೆ ಕತ್ತರಿಸಿ, ಅಡಿಗೆ ಕಪ್ಪು ನಾನ್‌ವೋವನ್ (ನೇಯದೆ ಮಾಡಿದ) ಬಟ್ಟೆಯನ್ನು ಅಂಚು ಮಡಚಿ ಹೊಡೆಯಿರಿ. ಸ್ಕ್ರೂ ತೂತುಗಳು ಬಟ್ಟೆಯಡಿ ಮುಚ್ಚಿಹೋಗಿರುತ್ತವೆ. ದಬ್ಬಳದಿಂದ ಚುಚ್ಚಿ ಹುಡುಕಿ, ಅಲ್ಲಿ ಮಾತ್ರ ಸಣ್ಣದಾಗಿ ತೂತು ಬಿಡಿಸಿ. ಹಾಗೇ ಸ್ಕ್ರೂ ತಿರುಗಿಸಿದರೆ ಬಟ್ಟೆಯ ಎಳೆ ಸುತ್ತಿಕೊಂಡು ಸೀಟಿನ ಮೇಲ್ಭಾಗದವರೆಗೂ ಸೆಳೆತ ಕಾಣಿಸುತ್ತದೆ. ಬಿಚ್ಚಿದ ಅದೇ ಸ್ಕ್ರೂಗಳನ್ನೇ ಹಾಕಿ, ಉದ್ದದ್ದು ಹಾಕಿದರೆ ಮೊನೆ ಹಲಗೆ ದಾಟುತ್ತದೆ. ನಾಲ್ಕನ್ನೂ ಮೊದಲು ಅರ್ಧರ್ಧ ತಿರುಗಿಸಿ, ಸೀಟನ್ನು ಸರಿಸಿ ನಡುವಿಗೆ ತಂದು, ಆಮೇಲೆ ಓರೆ ಮೂಲೆಗಳ ಕ್ರಮದಲ್ಲಿ ಬಿಗಿ ಮಾಡಿ.